ಮಾವನ ಜೇಬಿನ ಲಿಟ್ಮಸ್ ಕಾಗದ

ನಮ್ಮ ಸೋದರಮಾವನನ್ನು ಊಟಕ್ಕೆ ಕರೆಯುವವರು ಎರಡು ಸಲ ಯೋಚಿಸುತ್ತಾರೆ. ಜಾಸ್ತಿ ತಿನ್ನುತ್ತಾರೆಂದಲ್ಲ, ಪಾಪ, ಎರಡು ಚಪಾತಿಯ ಮನುಷ್ಯ! ಉಳಿದವರ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಅವರು ಲಿಟ್ಮಸ್ ಕಾಗದ ಇಟ್ಟುಕೊಂಡಿರುತ್ತಾರೆ, ಅದೇ ತೊಂದರೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದವರು. ಕಾಲೇಜೇನೋ ಅವರನ್ನು ಬಿಟ್ಟಿತು, ಅವರು ಕೆಮಿಸ್ಟ್ರಿಯನ್ನು ಬಿಡಬೇಕಲ್ಲ!

ಬಸವನಗುಡಿಯ ಒಂದು ಮದುವೆ. ಎಲೆಗೆ ಸಾರು ಬಿದ್ದದ್ದೇ ತಡ, ಮಾವ ನೀಲಿ ಕಾಗದ ಅದ್ದಿದರು. ಕೆಂಪಾಯಿತು. "ನೋಡಿದ್ರಾ, ಆ್ಯಸಿಡ್ಡು!" ಎಂದು ಪಂಕ್ತಿಗೆಲ್ಲ ಕೇಳುವಂತೆ ಸಾರಿದರು. ಪಕ್ಕದವರು ಕೈ ಹಿಂದೆಗೆದರು. ಅಡುಗೆ ಭಟ್ಟರು ಸೌಟು ಹಿಡಿದೇ ಓಡಿಬಂದರು.

"ಹುಣಸೇಹಣ್ಣು ಹಾಕಿದೀನಿ ಸ್ವಾಮಿ, ಕೆಂಪಾಗದೆ ಹಸಿರಾಗತ್ತಾ?"

"ಗಾಬರಿ ಆಗ್ಬೇಡಿ ಭಟ್ರೇ, ವೀಕ್ ಆ್ಯಸಿಡ್ಡು."

"ವೀಕಾ! ನನ್ನ ಸಾರು ವೀಕಾ!" ಎಂದ ಭಟ್ಟರು ಆವತ್ತು ಮಾವನ ಎಲೆಯ ಕಡೆಗೆ ಪಾಯಸ ಬರಗೊಡಲಿಲ್ಲ.

ಚಾಮರಾಜಪೇಟೆಯ ಅವರ ಬೀದಿಗೆ ಸೈಕಲ್ಲಿನಲ್ಲಿ ಆ್ಯಸಿಡ್, ಫಿನಾಯಿಲ್ ಮಾರುವವನೊಬ್ಬ ಬರುತ್ತಾನೆ. ಅವನನ್ನಾದರೂ ಬಿಟ್ಟರೇ?

"ನೀರು ಬೆರೆಸಿದೀಯೇನಯ್ಯಾ?"

"ನಮ್ಮಮ್ಮನಾಣೆ ಇಲ್ಲ ಸಾರ್! ಫುಲ್ ಸ್ಟ್ರಾಂಗು!"

"ಬೆರೆಸಿದ್ರೂ ಸ್ಟ್ರಾಂಗೇ ಕಣಯ್ಯಾ! ತೆಳ್ಳಗಾಗೋದೇ ಬೇರೆ, ವೀಕಾಗೋದೇ ಬೇರೆ. ಸ್ಟ್ರಾಂಗ್ ಆ್ಯಸಿಡ್ಡು ನೀರಿಗೆ ಬಿದ್ರೆ ತನ್ನ ಹೈಡ್ರೋಜನ್ನೆಲ್ಲ ಒಂದೇ ಸಲಕ್ಕೆ ಬಿಟ್ಕೊಡತ್ತೆ. ವೀಕು ಮುಷ್ಟಿ ಹಿಡ್ಕೊಂಡು ಚೂರು ಚೂರೇ ಬಿಡತ್ತೆ. ನೀರು ಹಾಕಿದ್ರೆ ಸ್ವಭಾವ ಹೋಗತ್ತಾ?"

ಅವನ ಮುಖ ಅರಳಿತು. "ಹಂಗಾದ್ರೆ ಬೆರ್ಸಿದೀನಿ ಸಾರ್!"

ಮನೆಮಂದಿಗೂ ಇದೇ ವಿಂಗಡಣೆ. ಅತ್ತೆ ಸ್ಟ್ರಾಂಗು, ಮನಸ್ಸಿಗೆ ಬಂದದ್ದೆಲ್ಲ ಒಂದೇ ಏಟಿಗೆ ಹೊರಗೆ. "ಹೌದ್ರೀ, ನಿಮ್ಮ ಜೊತೆ ಬಾಳೋಕೆ ವೀಕಾದ್ರೆ ಆಗತ್ತಾ?" ಎನ್ನುತ್ತಾರೆ ಅವರು. ನಾನು ವೀಕು. ನಾಲ್ಕು ಜನರೆದುರು ನಿಂತರೆ ನನ್ನ ಮಾತು ಚೂರು ಚೂರೇ ಹೊರಬರುತ್ತದೆ, ನಿಜ. ಆದರೂ ಆ ಮಾತಿಗೆ ಒಳಗೊಳಗೇ ಅಳು ಬರುತ್ತಿತ್ತು. ಇಂಥ ನಾನು ಆಸೆಪಟ್ಟ ಕೆಲಸ ಯಾವುದು ಅಂತೀರಿ? ಟೀಚರ್ ಕೆಲಸ!

ಎರಡು ಶಾಲೆಗಳ ಡೆಮೊ ಕ್ಲಾಸಿನಲ್ಲಿ ದನಿಯೇ ಹೊರಡದೆ ವಾಪಸಾಗಿದ್ದೆ. ಮೂರನೆಯದು ಮಲ್ಲೇಶ್ವರದಲ್ಲಿ. ಹಿಂದಿನ ಸಂಜೆ ಮಾವನ ಮನೆಗೆ ಹೋಗಿ, "ನಾನು ಹೋಗಲ್ಲ ಮಾವ. ನೀವೇ ಹೇಳ್ತೀರಲ್ಲ, ನಾನು ವೀಕು" ಎಂದೆ.

ಮಾವ ಬೆಪ್ಪಾದರು. ಎದ್ದು ಹೋಗಿ ಊಟದ ಮೇಜಿನ ಮೇಲೆ ಎರಡು ಗಾಜಿನ ಲೋಟ ತಂದಿಟ್ಟರು. ಒಂದಕ್ಕೆ ಸ್ಟ್ರಾಂಗಾದ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ, ಅಷ್ಟೇ ಸಾಂದ್ರತೆಯ, ವೀಕಾದ ವಿನಿಗರಿನ ಆಮ್ಲ. ಬಣ್ಣ ತೋರಿಸುವ ದ್ರಾವಣ ಎರಡಕ್ಕೂ ಹಾಕಿ, ಕ್ಷಾರವನ್ನು ಅಳೆದು ತೊಟ್ಟು ತೊಟ್ಟಾಗಿ ಬಿಡುತ್ತ ಹೋದರು. ಆಮ್ಲವೆಲ್ಲ ತೀರಿದ ಮೇಲೆ ಗುಲಾಬಿ ಬಣ್ಣ ಬರಬೇಕು. ವೀಕು ಬೇಗ ತೀರುತ್ತದೆಂದು ನಾನು ಕಾದೆ. ಊಹೂಂ! ಎರಡಕ್ಕೂ ಹಿಡಿದ ಕ್ಷಾರ ಒಂದೇ ಅಳತೆ.

"ಇರೋದು ಅಷ್ಟೇ ಇರತ್ತೆ ಕಣೇ ಪುಟ್ಟಿ, ಒಂದೇ ಸಲ ಬಿಡಲ್ಲ. ಕೇಳೋರು ಕೇಳ್ತಾ ಹೋದ್ರೆ ಕೊನೇವರೆಗೂ ಕೊಡ್ತಾನೇ ಇರತ್ತೆ. ವೀಕು ಅಂದ್ರೆ ಕಮ್ಮಿ ಅಂತ ನಾನ್ಯಾವತ್ತು ಹೇಳ್ದೆ?"

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು, ಮಗೂನ ಅಳಿಸಿ!" ಎಂದು ಅತ್ತೆ ಗದರಿದರು. ಆಮೇಲೆ ಮೇಜು ನೋಡಿದರು. "ಅಯ್ಯೋ, ನೆಂಟರಿಗೆ ಜ್ಯೂಸ್ ಕೊಡೋ ಲೋಟ ಕಣ್ರೀ ಅದು!"

ಮರುದಿನ ಡೆಮೊ ಪಾಠಕ್ಕೆ ಆ್ಯಸಿಡ್ಡನ್ನೇ ಆರಿಸಿಕೊಂಡೆ. ನನ್ನ ಮೊದಲ ವಾಕ್ಯ ಮುಂದಿನ ಬೆಂಚಿಗೂ ಕೇಳಿಸಲಿಲ್ಲ. ಆಗ ಒಬ್ಬ ಹುಡುಗಿ, "ಮಿಸ್, ನಿಂಬೆಹಣ್ಣೂ ಆ್ಯಸಿಡ್ಡೇ ಅಲ್ವಾ, ನಾಲಿಗೆ ಯಾಕೆ ಸುಡಲ್ಲ?" ಎಂದಳು. ಹೇಳಿದೆ. ಇನ್ನೊಬ್ಬ ಕೇಳಿದ. ಅವನಿಗೂ ಹೇಳಿದೆ. ಕೇಳಿದಷ್ಟೂ ಬಂತು! ಗಂಟೆ ಹೊಡೆಯುವಷ್ಟರಲ್ಲಿ ನನ್ನ ದನಿ ಕೊನೆಯ ಬೆಂಚು ಮುಟ್ಟಿತ್ತು. "ಸೋಮವಾರದಿಂದ ಬನ್ನಿ" ಎಂದರು ಹೆಡ್‌ಮಿಸ್. ಇವತ್ತಿಗೂ ಕ್ಲಾಸಿಗೆ ಕಾಲಿಡುವ ಮುಂಚೆ ಮಾವನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ.

ಆವತ್ತು ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ಮಾವ ನಿಂತಿದ್ದರು. ಯಾರಿಗೂ ಹೇಳದೆ, ಬಸ್ಸು ಬದಲಾಯಿಸಿಕೊಂಡು ಬಂದಿದ್ದರು.

"ಸಿಕ್ತು ಮಾವ."

ಊರಿಗೆಲ್ಲ ಪಾಠ ಹೇಳುವ ಮಾವ ಕರ್ಚೀಫಿಗೆಂದು ಜೇಬಿಗೆ ಕೈ ಹಾಕಿದರು, ಸಿಕ್ಕಿದ್ದು ಲಿಟ್ಮಸ್. ಆ ಚೂರು ಕಾಗದದಲ್ಲೇ ಕಣ್ಣೊರೆಸಿಕೊಂಡು, ಬಣ್ಣ ಏನಾಯಿತೆಂದು ನೋಡದೆಯೇ ಅದನ್ನು ಜೇಬಿಗೆ ಹಾಕಿಕೊಂಡರು.