ಮೆಗಾಬ್ಲಾಕಿನಲ್ಲಿ ಒಂದು ಹಾಡು

ಹಾಡು ಐದು ನಿಮಿಷದ್ದು. ಲೋಕಲ್ ರೈಲು ನಾಲ್ಕು ನಿಮಿಷಕ್ಕೊಂದು. ತಿಲಕನ ಕಷ್ಟವೆಲ್ಲ ಈ ಒಂದು ನಿಮಿಷದ ವ್ಯತ್ಯಾಸದಲ್ಲಿತ್ತು.

ಸಯನ್ನಿನ ಪೂರ್ವಕ್ಕೆ, ಹಾರ್ಬರ್ ಲೈನಿನ ಹಳಿಗೆ ಬೆನ್ನು ಕೊಟ್ಟು ನಿಂತ ಹಳೆಯ ಚಾಳಿನ ಎರಡನೇ ಮಾಳಿಗೆಯಲ್ಲಿ ಅವನ ಮನೆ. ಮನೆ ಎಂದರೆ ಒಂದು ಖೋಲಿ, ಮೀಯಲು ತೊಳೆಯಲು ಮೂಲೆಯಲ್ಲೊಂದು ಮೋರಿ, ಹಳಿಯತ್ತ ತೆರೆಯುವ ಒಂದು ಕಿಟಕಿ. ಆ ಖೋಲಿಯಲ್ಲಿ ನಾಲ್ಕು ವರ್ಷದಿಂದ ‘ರಾಂಗ್ ಸೈಡ್’ ಎಂಬ ರಾಕ್ ಬ್ಯಾಂಡ್ ಬೆಳೆಯುತ್ತಿತ್ತು. ಗಿಟಾರ್ ತಿಲಕನದು. ಹಾಡು ಬರೆದವಳೂ ಹಾಡುವವಳೂ ಕೆಳಗಿನ ಮಾಳಿಗೆಯ ಹರಿಣಿ. ಡ್ರಮ್ಸು ಶರಣುವಿನದು. ಅವನ ತಂದೆ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಶುರುವಿನಲ್ಲಿ ಮೂವರಿಗೂ ಏನೂ ಬರುತ್ತಿರಲಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುತ್ತ ಮುಚ್ಚುತ್ತ, ಈಗ ಹರಿಣಿ ಉಸಿರೆಳೆದರೆ ಶರಣುವಿನ ಕೈ ತಾನಾಗಿ ಏಳುವಷ್ಟು ಕೂಡಿಕೊಂಡಿದ್ದರು.

ಇದ್ದದ್ದು ಒಂದೇ ಹಾಡು. ಊರಿನಲ್ಲಿರುವ ಹರಿಣಿಯ ಅಜ್ಜಿ ಫೋನಿನಲ್ಲಿ ಕೇಳುವ ಪ್ರಶ್ನೆಗಳೇ ಅದರ ಸಾಲುಗಳು. ಅಲ್ಲಿಯ ಸಮುದ್ರವೂ ಉಪ್ಪೇನು, ಮೀನು ತಾಜಾ ಸಿಗುತ್ತದೇನು, ಇಂಥವು. ಒಂದು ಲೋಕಲ್ ದಾಟಿದ ಕೂಡಲೇ ಹಾಡು ಹಿಡಿಯುತ್ತಿದ್ದರು. ನಾಲ್ಕು ನಿಮಿಷಕ್ಕೆ ಸರಿಯಾಗಿ, ಕೊನೆಯ ಚರಣದ ಬಾಗಿಲಲ್ಲಿ, ಮುಂದಿನದು ಬಂದು ಪಾತ್ರೆ ಪಗಡೆ ಸಮೇತ ಖೋಲಿಯನ್ನೇ ಅಲ್ಲಾಡಿಸುತ್ತಿತ್ತು. ಆಗ ನಿಲ್ಲಬೇಕು. ರೈಲು ಹೋದ ಮೇಲೆ ಒಬ್ಬರು ಬಿಟ್ಟಲ್ಲಿಂದ ಹಿಡಿದರೆ ಇನ್ನೊಬ್ಬರು ಮೊದಲಿಂದ ಹಿಡಿಯುತ್ತಿದ್ದರು. ಮೂರನೆಯವರು ಚಹಾ ಎನ್ನುತ್ತಿದ್ದರು. ಹೀಗಾಗಿ ಆ ಹಾಡನ್ನು ಒಂದೇ ಸಲಕ್ಕೆ ಕೊನೆಯವರೆಗೆ ಕೇಳಿದವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ತಿಲಕನ ತಂದೆ ಶೇಖರರೂ ಕೇಳಿರಲಿಲ್ಲ. ಅವರು ಫೋರ್ಟಿನಲ್ಲಿ ಒಂದು ಚಿಕ್ಕ ಉಡುಪಿ ಹೋಟೆಲಿನ ಪಾಲುದಾರರು. ಹದಿನಾಲ್ಕನೇ ವಯಸ್ಸಿಗೆ ಬಂದು ಮೇಜು ಒರೆಸಿ ಮೇಲೆ ಬಂದವರು. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಇಪ್ಪತ್ತೆಂಟು ವರ್ಷ ಕೂತಿದ್ದ ಪೂವಪ್ಪ ಹೋದ ತಿಂಗಳು ಊರಿಗೆ ಹೊರಟುಹೋದ. ಆ ಕುರ್ಚಿಗೆ ತಿಲಕ ಬರಬೇಕೆಂಬುದು ಶೇಖರರ ಮನಸ್ಸು. ಡಿಗ್ರಿ ಮುಗಿಸಿ ಎರಡು ವರ್ಷವಾದ ತಿಲಕನಿಗೆ ಆ ಕುರ್ಚಿ ಕನಸಿನಲ್ಲೂ ಬರುತ್ತಿತ್ತು. ಒಮ್ಮೆ ಕೂತರೆ ಏಳುವ ಹಾಗಿಲ್ಲ ಎಂಬುದು ಪೂವಪ್ಪನನ್ನು ನೋಡಿದವರಿಗೆಲ್ಲ ತಿಳಿದದ್ದೇ. ಒಂದು ದಿನ ಅವನು ಧೈರ್ಯ ಮಾಡಿ, ತನಗೆ ಹಾಡೇ ಬೇಕು ಎಂದು ಹೇಳಿದ. ಶೇಖರ ಸಿಟ್ಟಾಗಲಿಲ್ಲ.

“ಅರ್ಧ ಕೇಳಿ ನಾನು ಎಂತ ಹೇಳುವುದು? ಒಂದು ಸಲ ಪೂರ್ತಿ ಕೇಳಿಸು. ಆಮೇಲೆ ಹೇಳ್ತೇನೆ,” ಎಂದರು.

ಅಂದಿನಿಂದ ತಿಲಕ ಒಂದೇ ನಂಬಿಕೆ ಹಿಡಿದುಕೊಂಡ. ಪಪ್ಪಾ ಪೂರ್ತಿ ಕೇಳಿದರೆ ಸಾಕು, ಗಲ್ಲಾದ ಮಾತೇ ಎತ್ತುವುದಿಲ್ಲ.

ಆ ಭಾನುವಾರ ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್. ದುರಸ್ತಿಗಾಗಿ ಬೆಳಿಗ್ಗೆ ಹನ್ನೊಂದು ಹತ್ತರಿಂದ ಸಂಜೆ ನಾಲ್ಕು ನಲವತ್ತರವರೆಗೆ ಒಂದು ಗಾಡಿಯೂ ಇಲ್ಲ. ಮದುವೆಗೆ, ಆಸ್ಪತ್ರೆಗೆ, ಪರೀಕ್ಷೆಗೆ ಹೊರಟವರೆಲ್ಲ ರೈಲ್ವೆಯನ್ನು ಬೈದರು. ತಿಲಕ ಮಾತ್ರ ಕೈ ಮುಗಿದ. ವಿಲೆ ಪಾರ್ಲೆಯ ಗೆಳೆಯನೊಬ್ಬನಿಂದ ರೆಕಾರ್ಡರು, ಎರಡು ಮೈಕು, ಹೆಡ್‌ಫೋನು ಒಂದು ದಿನಕ್ಕೆ ಕೇಳಿ ತಂದ. ಶೇಖರ ರಜೆಯ ದಿನವೆಂದು ಹೋಟೆಲಿನ ಗ್ರೈಂಡರ್ ರಿಪೇರಿ ಮಾಡಿಸಲು ಫೋರ್ಟಿಗೆ ಹೋಗಿದ್ದರು. ಸಂಜೆ ಬಂದವರಿಗೆ ಹೆಡ್‌ಫೋನ್ ಹಾಕಿ ಕೂರಿಸುವುದು ಎಂದಾಯಿತು.

ಹನ್ನೊಂದು ಹತ್ತರ ಗಾಡಿ ಹೋಯಿತು. ಅದರ ಹಿಂದೆ ಮೌನ ಬಂತು. ಆ ಮೌನದಲ್ಲಿ ಚಾಳಿಗೆ ಮೊದಲ ಬಾರಿ ತನ್ನ ಸದ್ದು ತನಗೇ ಕೇಳಿಸಿತು. ಯಾರದೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೋ ಗಂಡನಿಗೆ ಬೈಯುತ್ತಿದ್ದವಳು ತನ್ನ ದನಿ ಎಷ್ಟು ದೊಡ್ಡದೆಂದು ಗೊತ್ತಾಗಿ ನಡುವೆಯೇ ನಿಲ್ಲಿಸಿದಳು. ಪಕ್ಕದ ಖೋಲಿಯಲ್ಲಿ ಮಾತ್ರ ಪಟಪಟ, ಪಟಪಟ. ರಾಚವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ತಿಲಕ ಹೋಗಿ ಬಾಗಿಲಲ್ಲಿ ನಿಂತ.

“ಮೌಶಿ, ಇವತ್ತು ಒಂದಿನ... ರೊಟ್ಟಿ ಲಟ್ಟಿಸೋದಕ್ಕೆ ಆಗುತ್ತಾ? ಸೌಂಡ್ ರೆಕಾರ್ಡ್ ಆಗ್ತದೆ.”

“ಲಟ್ಟಣಿಗಿಲೇ ಜ್ವಾಳದ ರೊಟ್ಟಿ ಮಾಡೂದು?” ರಾಚವ್ವ ಕೈ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನಮ್ಮವ್ವ ಸತ್ತ ಇಪ್ಪತ್ತ ವರ್ಷ ಆತು. ಈ ಮಾತ ಕೇಳಿದ್ರ ಎದ್ದ ಬರ್ತಾಳ. ನೀ ಹೋಗಪಾ, ಹಿಟ್ಟ ನಾದಿದ್ದಷ್ಟು ಮುಗಿಸಿ ಸುಮ್ಮನಾಗ್ತೀನಿ.”

ನಾದಿದ್ದು ಮೂವತ್ತು ರೊಟ್ಟಿಯ ಹಿಟ್ಟು. ಅದು ಮುಗಿಯುವಷ್ಟರಲ್ಲಿ ಹನ್ನೆರಡೂವರೆ. ಆಮೇಲೆ ಚಾಳಿನ ಕುಕ್ಕರುಗಳು ಒಂದಾದ ಮೇಲೊಂದು ಕೂಗಿದವು. ಆಮೇಲೆ ಊಟ, ಪಾತ್ರೆ, ಟೀವಿ. ತಿಲಕ ಗಿಟಾರನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಎರಡಕ್ಕೆ ಚಾಳೆಲ್ಲ ಉಂಡು ಮಲಗಿತು. ಎದ್ದಿದ್ದವನು ಎದುರು ಖೋಲಿಯ ಶಂಕ್ರೆಪ್ಪ ಒಬ್ಬನೇ. ಅವನದು ರಾತ್ರಿಪಾಳಿಯ ವಾಚ್‌ಮನ್ ಕೆಲಸ, ಹಗಲಲ್ಲಿ ನಿದ್ದೆ. ಬಾಗಿಲಿಗೆ ಬಂದು ಕೂತು ಅವನು ತನ್ನ ದುಃಖ ಹೇಳಿಕೊಂಡ.

“ಹದಿನೈದ ವರ್ಷಾತು ತಮ್ಮಾ, ಗಾಡಿ ಸಪ್ಪಳದಾಗ ಮಲಗಿ. ಇವತ್ತ ಸಪ್ಪಳ ನಿಂತದ್ದಕ್ಕ ನಿದ್ದಿನೂ ಹೋತು.”

“ಇರಲಿ ಕಾಕಾ, ಕೂತ್ಕೊಳ್ಳಿ. ಮಾತಾಡಬೇಡಿ ಅಷ್ಟೇ,” ಎಂದಳು ಹರಿಣಿ.

ರೆಕಾರ್ಡರಿನ ಕೆಂಪು ದೀಪ ಹತ್ತಿತು. ಹಾಡು ಶುರುವಾಯಿತು. ಎಂದೂ ಇಲ್ಲದಷ್ಟು ಚೆನ್ನಾಗಿ ಹೋಗುತ್ತಿತ್ತು. ತಿಲಕನ ಎದೆ ಹಿಗ್ಗಿತು. ಸರಿಯಾಗಿ ನಾಲ್ಕನೇ ನಿಮಿಷಕ್ಕೆ, ಯಾರೂ ಹೇಳದೆ, ಯಾರೂ ಸನ್ನೆ ಮಾಡದೆ, ಮೂವರೂ ಒಟ್ಟಿಗೆ ನಿಂತರು.

ಹರಿಣಿಯ ಬಾಯಿ ಮುಚ್ಚಿತ್ತು. ಶರಣು ಕಡ್ಡಿಗಳನ್ನು ಮಂಡಿಯ ಮೇಲಿಟ್ಟು ಕಿಟಕಿಯತ್ತ ನೋಡುತ್ತಿದ್ದ. ಹೊರಗೆ ಖಾಲಿ ಹಳಿಯ ಮೇಲೆ ಒಂದು ಕಾಗೆ ನಡೆದು ಹೋಗುತ್ತಿತ್ತು.

“ಯಾಕೋ ನಿಂತೆ?” ಎಂದ ತಿಲಕ.

“ನೀ ಯಾಕ ನಿಂತೆ? ನಾ ಗಾಡಿ ಬಂತಂತ ನಿಂತೆ, ಯಾರ್.”

“ಗಾಡಿ ಎಲ್ಲಿದೆ?”

ಶರಣು ಕಡ್ಡಿಯಿಂದ ತಲೆ ಕೆರೆದುಕೊಂಡ. ನಾಲ್ಕು ವರ್ಷದಲ್ಲಿ ಅವರ ಕೈಗಳು ಹಾಡಿನ ಜೊತೆಗೆ ನಿಲ್ಲುವುದನ್ನೂ ಕಲಿತುಬಿಟ್ಟಿದ್ದವು. ಎರಡನೇ ಸಲ, ನಿಲ್ಲಬಾರದೆಂದು ಒಬ್ಬರಿಗೊಬ್ಬರು ಆಣೆ ಹಾಕಿಕೊಂಡು ನುಡಿಸಿದರು. ನಿಂತರು. ಮೂರನೇ ಸಲ ತಿಲಕ ಹಲ್ಲು ಕಚ್ಚಿ ಮುಂದೆ ನುಗ್ಗಿದ. ಉಳಿದಿಬ್ಬರು ಪ್ಲಾಟ್‌ಫಾರ್ಮಿನಲ್ಲಿ ಉಳಿದವರಂತೆ ಅವನನ್ನು ನೋಡುತ್ತ ಕೂತರು. ಗಂಟೆ ಮೂರಾಯಿತು. ತಿಲಕನಿಗೆ ಅಳು ಬಂತು. ರೈಲು ಇದ್ದರೆ ರೈಲಿನ ಮೇಲೆ ಹಾಕಬಹುದಿತ್ತು, ಈಗ ತಪ್ಪೆಲ್ಲ ತಮ್ಮದೇ ಆಯಿತು.

ಬಾಗಿಲಲ್ಲಿ ಕೂತಿದ್ದ ಶಂಕ್ರೆಪ್ಪ ಗಂಟಲು ಸರಿಮಾಡಿಕೊಂಡ.

“ತಪ್ಪ ನಿಮ್ದಲ್ಲ. ಸಿಗ್ನಲ್ ಇಲ್ದ ಗಾಡಿ ಮುಂದ ಹ್ಯಾಂಗ ಹೋದೀತು?” ಎಂದ. ಎದ್ದು ಹೋಗಿ, ಮಲಗಿದ್ದ ರಾಚವ್ವನನ್ನು ಎಬ್ಬಿಸಿ, ಅವಳ ಟ್ರಂಕಿನಿಂದ ಒಂದು ಹಸಿರು ಕುಬುಸದ ಖಣ ಇಸಿದುಕೊಂಡು ಬಂದ. “ನೀವು ಕಿಟಕಿ ಕಡೆ ನೋಡಬ್ಯಾಡ್ರಿ. ನನ್ನ ಕಡೆ ನೋಡ್ರಿ. ನಿಲ್ಲೂ ಜಾಗಾ ಬಂದ ಕೂಡ್ಲೇ ಇದನ್ನ ತೋರಸ್ತೀನಿ.”

ನಗು ಬರುವ ಉಪಾಯ. ಆದರೆ ಯಾರೂ ನಗಲಿಲ್ಲ, ಬೇರೆ ಉಪಾಯ ಇರಲಿಲ್ಲ. ನಾಲ್ಕನೇ ಸಲ ಶಂಕ್ರೆಪ್ಪ ಗಾರ್ಡಿನ ಗಾಂಭೀರ್ಯದಿಂದ ಖಣ ಎತ್ತಿ ಹಿಡಿದ. ಮೂವರೂ ಅದನ್ನೇ ನೋಡುತ್ತ ಆ ಜಾಗ ದಾಟಿದರು. ದಾಟಿದ ಸಂತೋಷಕ್ಕೆ ಶಂಕ್ರೆಪ್ಪ, “ಹಾಂ, ಲೈನ್ ಕ್ಲಿಯರ್, ನಡೀರಿ,” ಎಂದುಬಿಟ್ಟ. ಅದೂ ರೆಕಾರ್ಡಾಯಿತು.

ಐದನೇ ಸಲ ಶಂಕ್ರೆಪ್ಪ ಬಾಯಿಗೆ ಟವೆಲು ಕಟ್ಟಿಕೊಂಡ. ಖಣ ಎಲ್ಲಿ ಹೋಯಿತೆಂದು ಹಿಂದೆಯೇ ಬಂದಿದ್ದ ರಾಚವ್ವ ಕಿಟಕಿಯ ಬಳಿ ಕೂತು ಕೇಳುತ್ತಿದ್ದಳು. ಹರಿಣಿ ಕೊನೆಯ ಚರಣಕ್ಕೆ ಬಂದಳು. ಎಲ್ಲ ಕೇಳಿದ ಮೇಲೆ ಅಜ್ಜಿ ಒಂದು ಕಡೆಯ ಮಾತು ಕೇಳುತ್ತಾಳೆ: ಅಷ್ಟು ದೊಡ್ಡ ಊರಿನಲ್ಲಿ ನಿನ್ನನ್ನು ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ ಮಗಾ?

“ಖರೇ ಐತಿ, ಯಾರದಾರ?” ಎಂದಳು ರಾಚವ್ವ. ಹೇಳಿದ ಮೇಲೆ ಅವಳಿಗೇ ಗೊತ್ತಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ತುಂಬಿತ್ತು. ಅವಳನ್ನು ಬೈಯಲು ಯಾರಿಗೂ ಮನಸ್ಸಾಗಲಿಲ್ಲ.

ನಾಲ್ಕು ಇಪ್ಪತ್ತಾಗಿತ್ತು. ಚಾಳಿನವರು ಒಬ್ಬೊಬ್ಬರಾಗಿ ಎದ್ದು ಗ್ಯಾಲರಿಯಲ್ಲಿ ನೆರೆದಿದ್ದರು. ತಿಲಕನ ತಾಯಿ ಅಪ್ಪಿ ಎಲ್ಲರ ಮುಂದೆ ನಿಂತು, “ಒಂದು ಐದು ನಿಮಿಷ, ಕೆಮ್ಮು ಬಂದರೂ ತಡೀರಿ ಆಯ್ತಾ,” ಎಂದು ಬೇಡಿಕೊಂಡರು. ಆರನೇ ಸಲ ಹಾಡು ಹೊರಟಿತು. ಹಸಿರು ಖಣ ಮೇಲೆದ್ದಿತು. ಹಾಡು ಆ ಜಾಗ ದಾಟಿತು, ಕೊನೆಯ ಚರಣ ದಾಟಿತು, ತಿಲಕನ ಗಿಟಾರಿನ ಕೊನೆಯ ಎಳೆ ನಿಧಾನಕ್ಕೆ ಕರಗಿತು. ಐದು ನಿಮಿಷ ಆರು ಸೆಕೆಂಡು. ತನ್ನ ಹಾಡು ಹೀಗಿದೆ ಎಂದು ತಿಲಕನಿಗೆ ಅಂದೇ ಗೊತ್ತಾದದ್ದು. ಈ ಮೂವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಇದು ಆಗುತ್ತಿರಲಿಲ್ಲ ಎನಿಸಿ, ಅವನಿಗೆ ಗೆಳೆಯರ ಮುಖ ನೋಡಲು ಸಂಕೋಚವಾಯಿತು. ಶರಣು ಕಡ್ಡಿಗಳನ್ನು ಕೈಯಲ್ಲೇ ಹಿಡಿದು ತಲೆ ತಗ್ಗಿಸಿ ಕೂತಿದ್ದ.

ಶೇಖರ ಬಂದಾಗ ಐದೂಕಾಲು. ರೈಲಿಲ್ಲದೆ ಫೋರ್ಟಿನಿಂದ ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಬಂದಿದ್ದರು. ಮುಖ ತೊಳೆದು, ಚಹಾ ಆಮೇಲೆ ಎಂದು, ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡರು. ಕಣ್ಣು ಮುಚ್ಚಿದರು. ಮೂವರೂ ಗೋಡೆಗೆ ಒರಗಿ ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ನಿಂತಿದ್ದರು. ಕಿಟಕಿಯ ಹೊರಗೆ ಲೋಕಲ್ ಹೋಯಿತು, ಪಾತ್ರೆಗಳು ಅಲ್ಲಾಡಿದವು, ಶೇಖರ ಕಣ್ಣು ತೆರೆಯಲಿಲ್ಲ. ಹಾಡು ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಜೋಪಾನವಾಗಿ ಮೇಜಿನ ಮೇಲಿಟ್ಟರು.

“ಚೆಂದ ಉಂಟು,” ಎಂದರು. ಕಣ್ಣಂಚನ್ನು ಬೆರಳಿನಿಂದ ಒರೆಸಿಕೊಂಡರು. “ಕೊನೆಯದು ಬಹಳ ಚೆಂದ ಉಂಟು. ನನ್ನ ಅಮ್ಮ ಕೇಳಿದ ಹಾಗೇ ಉಂಟು ಮಗಾ ಹರಿಣಿ. ನೀವು ಇಂಥದ್ದು ಮಾಡ್ತಾ ಇದ್ದೀರಿ ಅಂತ ನನಗೆ ಗೊತ್ತೇ ಇರಲಿಲ್ಲ.”

ತಿಲಕನ ಕಾಲು ನೆಲದ ಮೇಲಿರಲಿಲ್ಲ. “ಹಾಗಾದ್ರೆ ಪಪ್ಪಾ, ಗಲ್ಲಾದ್ದು...”

“ಗಲ್ಲಾದ್ದು ನಾಳೆಯಿಂದ,” ಎಂದರು ಶೇಖರ.

ಹರಿಣಿ ಗೋಡೆಯಿಂದ ಬೆನ್ನು ತೆಗೆದು ತಿಲಕನ ಮುಖ ನೋಡಿದಳು.

“ನೋಡು ತಿಲಕ, ಊಟಕ್ಕೆ ಕೂತವನನ್ನು ಅರ್ಧದಲ್ಲಿ ಎಬ್ಬಿಸಬಾರದು. ಹೊರಗೆ ಎಷ್ಟು ಜನ ಕಾಯಲಿ, ನಾನು ಹೋಟೆಲಿನಲ್ಲಿ ಒಬ್ಬನನ್ನೂ ಹಾಗೆ ಎಬ್ಬಿಸಿದವನಲ್ಲ. ನಿನ್ನನ್ನೂ ಎಬ್ಬಿಸಲಿಲ್ಲ. ಪಾಪ, ಹಾಡು ಅರ್ಧ ಆಗಿದೆ, ಮುಗಿಸಿಕೊಳ್ಳಲಿ ಅಂತ ಕಾದೆ. ಇನ್ನು ಹತ್ತು ವರ್ಷ ಆದರೂ ಕಾಯ್ತಿದ್ದೆ. ಈಗ ಮುಗೀತು. ಚೆಂದ ಮುಗೀತು. ಊಟ ಆದವ ಕೈ ತೊಳೀಬೇಕಲ್ಲ?”

“ಇನ್ನೂ ಹಾಡು ಮಾಡಬೇಕು ಪಪ್ಪಾ,” ಎಂದ ತಿಲಕ. ಅವನಿಗೇ ಅವನ ದನಿ ಕೇಳಿಸಲಿಲ್ಲ.

“ಹೌದಾ? ಬೇರೆ ಯಾವುದಾದರೂ ಅರ್ಧ ಆದದ್ದು ಉಂಟಾ?” ಶೇಖರ ನಿಜವಾದ ಕಾಳಜಿಯಿಂದ ಕೇಳಿದರು. ಉಂಟು ಎಂದಿದ್ದರೆ ಬಿಡುತ್ತಿದ್ದರು. ಒಂದು ಚಿಕ್ಕ ಸುಳ್ಳು ಸಾಕಿತ್ತು. ಆದರೆ ಸುಳ್ಳು ಹೇಳಲು ಬಾರದ ಶರಣು ಬಾಗಿಲ ಹತ್ತಿರವೇ ನಿಂತಿದ್ದ.

“ಇಲ್ಲ ಅಂಕಲ್, ಇದ್ದದ್ದ ಇದೊಂದು. ಇದು ಮುಗೀಲಿ ಅಂತ ಎರಡನೇದು ಹಿಡೀಲೇ ಇಲ್ಲ,” ಎಂದ.

ಶೇಖರ ತಲೆಯಾಡಿಸಿದರು. ಎದ್ದು ಹೋಗಿ ಕಪಾಟಿನಿಂದ ಇಸ್ತ್ರಿ ಮಾಡಿದ ತಮ್ಮದೊಂದು ಬಿಳಿ ಅಂಗಿ ತೆಗೆದು ಮಗನ ಹೆಗಲಿಗೆ ಅಳತೆ ಹಿಡಿದು ನೋಡಿದರು. ತೋಳು ಸ್ವಲ್ಪ ಉದ್ದವಾಯಿತು, ಮಡಚಿಕೊಂಡರೆ ಆಗುತ್ತದೆ ಎಂದರು. ಬೆಳಿಗ್ಗೆ ಆರಕ್ಕೆ ಹೊರಡುವುದು. ಹೊರಡುವ ಮೊದಲು ಈ ಹಾಡನ್ನು ತಮ್ಮ ಫೋನಿಗೆ ಹಾಕಿಕೊಡಬೇಕು, ಗಾಡಿಯಲ್ಲಿ ಇನ್ನೊಂದು ಸಲ ಕೇಳುತ್ತಾರಂತೆ.

ತಿಲಕ ಒಂದು ಕೈಯಲ್ಲಿ ಅಂಗಿ, ಇನ್ನೊಂದು ಕೈಯಲ್ಲಿ ತಂದೆಯ ಫೋನು ಹಿಡಿದು ನಿಂತ. ಸಿಟ್ಟು ಬಂದಿತ್ತು. ಆದರೆ ತಂದೆಯ ಕಣ್ಣು ಇನ್ನೂ ಒದ್ದೆಯಾಗಿದ್ದುದರಿಂದ, ಆ ಸಿಟ್ಟನ್ನು ಯಾರ ಮೇಲೆ ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.