ನಮ್ಮನೆ ಈಸ್ಟ್ ಭಾರೀ ಸ್ಟ್ರಾಂಗು!

ಮುಳಬಾಗಿಲಿನಲ್ಲಿ ರಾಗಿಯಿಂದ ಬಿಯರ್ ತಯಾರಿಸಿದ ಪ್ರಥಮ ಪುರುಷ ನಾನೇ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಇದಕ್ಕೆಲ್ಲ ಕಾರಣ ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ ಸುರೇಶ. ಮಾಲೂರಿನ ಈ ಮಹಾಶಯ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುತ್ತಾನೆ. ಬಂದಾಗಲೆಲ್ಲ ಒಂದು ಬಾಟಲಿ ತಂದು, "ಹುಷಾರಣ್ಣ, ಸ್ಟ್ರಾಂಗಿದೆ, ನಿಮ್ ಕೈಲಿ ತಡ್ಕೊಳಕ್ಕಾಗಲ್ಲ" ಎಂದು ನನ್ನ ಹೆಂಡತಿಯ ಎದುರೇ ಹೇಳುತ್ತಾನೆ. ಎಷ್ಟು ಕೊಬ್ಬು! ಮುಂದಿನ ಸಲ ಬಂದಾಗ ಅವನು ಗೋಡೆ ಹಿಡಿದು ನಡೆಯುವಂಥ ಬಿಯರ್ ಮಾಡಿಯೇ ತೀರುವೆನೆಂದು ಶಪಥ ಮಾಡಿದೆ.

ಅಂಥ ಬಿಯರಿಗೆ ರಸವನ್ನು ಹುಳಿಸಿ ಮದ್ಯವಾಗಿಸುವ ಈಸ್ಟೇ ಜೀವಾಳ. ಬೇಕರಿಯ ಈಸ್ಟ್ ಬನ್ನು ಉಬ್ಬಿಸಲು ಸರಿ. ಮದ್ಯ ಏರಿದಂತೆ ಸುಸ್ತಾಗಿ ಮಲಗಿಬಿಡುತ್ತದೆ. ಕೊನೇತನಕ ದುಡಿಯುವ ಈಸ್ಟ್ ಬೇಕೆಂದು ಎಲ್ಲರನ್ನೂ ಕೇಳಿದೆ. ಹೆಣ್ಣು ನೋಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ! ಕೊನೆಗೆ ಎಂಥ ಮದ್ಯದಲ್ಲೂ ಬದುಕುತ್ತದೆಂಬ ಒಂದು ಪೊಟ್ಟಣವನ್ನು ಬೆಂಗಳೂರಿನಿಂದ ತರಿಸಿದೆ.

ಮೊಳಕೆ ರಾಗಿಯನ್ನು ಒಣಗಿಸಿ, ಪುಡಿ ಮಾಡಿಸಿ, ಬೆಲ್ಲ ಹಾಕಿ ಕುದಿಸಿದ ರಸವನ್ನು ಅಡುಗೆಮನೆಯಲ್ಲಿದ್ದ ಡ್ರಮ್ಮಿಗೆ ಸುರಿದೆ. ಅದು ಆರುವವರೆಗೆ ಪೊಟ್ಟಣ ಕೈಯಲ್ಲಿ ಹಿಡಿದು ಗೆಳೆಯನಿಗೆ ಫೋನಿನಲ್ಲಿ ಕೊಚ್ಚಿಕೊಳ್ಳತೊಡಗಿದೆ.

"ಈಸ್ಟ್ ವೀಕಾದ್ರೆ ಎಲ್ಲಾ ಹಾಳು ಕಣೋ. ನಮ್ಮನೆ ಈಸ್ಟ್ ಭಾರೀ ಸ್ಟ್ರಾಂಗು!"

"ಯಾರ್ ಹೇಳಿದ್ದು?"

ತಿರುಗಿದರೆ ಬಾಗಿಲಲ್ಲಿ ಶ್ರೀನಿವಾಸಪುರದ ನಮ್ಮ ಮಾವ! ಮದ್ಯದ ವಾಸನೆ ಬಂದರೆ ಎಲೆ ಬಿಟ್ಟು ಏಳುವವರು. ವಾಸ್ತು ಎಂದರೆ ಊಟವನ್ನೇ ಮರೆಯುವವರು.

"ಈಸ್ಟಲ್ಲಿ ಒಂದ್ ಕಿಟಕೀನೂ ಇಲ್ಲ, ಸ್ಟ್ರಾಂಗ್ ಹೆಂಗಾಗುತ್ತೆ ಅಳಿಯಂದ್ರೇ? ನಡೀರಿ, ಅಡುಗೆಮನೆಯಿಂದ್ಲೇ ನೋಡೋಣ!"

ಅವರಿಗಿಂತ ಮುಂಚೆ ನಾನು ಅಡುಗೆಮನೆಗೆ ಓಡಿದೆ. ಪೊಟ್ಟಣ ಅವರ ಕಣ್ಣಿಗೆ ಬೀಳಬಾರದಲ್ಲ! ಹಬೆಯಾಡುತ್ತಿದ್ದ ರಸಕ್ಕೇ ಈಸ್ಟ್ ಸುರಿದು, ಮುಚ್ಚಳ ಜಡಿದು, ಅದರ ಮೇಲೆ ಕೂತುಬಿಟ್ಟೆ. ಕೆಳಗೆ ಚುರುಗುಟ್ಟುತ್ತಿದ್ದರೂ ಪೂರ್ವ ದಿಕ್ಕಿನ ಮಹಿಮೆಯನ್ನು ನಗುನಗುತ್ತಾ ಆಲಿಸಿದೆ.

ದಿನಗಳು ಕಳೆದವು. ಡ್ರಮ್ಮಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

"ಏನ್ರೀ, ಅಷ್ಟ್ ಬಿಸೀಲಿ ಹಾಕಿದ್ರಲ್ಲ, ಈಸ್ಟ್ ಬೆಂದು ಸತ್ತೋಗಿರುತ್ತೆ" ಎಂದಳು ಹೆಂಡತಿ ಮಂಜುಳಾ.

"ಮದ್ಯಕ್ಕೇ ಸಾಯದೇ ಇರೋದು ಬಿಸಿಗೆ ಸಾಯುತ್ತಾ? ಶೂರರು ಸದ್ದು ಮಾಡಲ್ಲ ಕಣೇ!"

ಸುರೇಶ ಹೆಂಡತಿ ಮಗುವಿನೊಂದಿಗೆ ಬಂದ. ನಾನು ಗಾಂಭೀರ್ಯದಿಂದ ಎರಡು ಲೋಟಕ್ಕೆ ಬಗ್ಗಿಸಿ, "ಮೆಲ್ಲಗೆ ಕುಡಿಯಪ್ಪಾ, ಗೋಡೆ ಪಕ್ಕದಲ್ಲೇ ಕೂತ್ಕೋ" ಎಂದೆ. ಅಷ್ಟರಲ್ಲಿ ಬಿಸಿಲಿನಲ್ಲಿ ಬೆವರುತ್ತಾ ಬಂದ ಮಾವ, ನಾನು ಬೇಡ ಎನ್ನುವ ಮೊದಲೇ ನನ್ನ ಲೋಟ ಎತ್ತಿ ಗಟಗಟ ಕುಡಿದೇಬಿಟ್ಟರು! ಬಿದ್ದರೆ ಹಿಡಿಯೋಣವೆಂದು ಅವರ ಹಿಂದೆ ಎರಡೂ ಕೈ ಚಾಚಿ ನಿಂತೆ.

ಬೀಳಲಿಲ್ಲ. ಮೀಸೆ ಒರೆಸಿಕೊಂಡರು.

"ಬಾಗುಂದಿ ಅಳಿಯಂದ್ರೇ, ಬಾಗುಂದಿ! ಇಷ್ಟು ಚೆನ್ನಾಗಿರೋ ರಾಗಿ ಅಂಬಲಿ ನಮ್ಮಮ್ಮ ಹೋದ್ಮೇಲೆ ಕುಡಿದೇ ಇರ್ಲಿಲ್ಲ. ಇನ್ನೊಂದ್ಲೋಟ ಹಾಕಿ!"

ಸುರೇಶ ಒಂದು ಗುಟುಕು ಹೀರಿ, ನನ್ನ ಮುಖ ನೋಡಿ, "ಅಣ್ಣಾ, ಮಗೂಗೂ ಒಂಚೂರು ಕುಡಿಸ್ಲಾ?" ಎಂದ.

ಕುಡುಕರ ಗಾಳಿಯೂ ಆಗದ ಮಾವನಿಗೆ ಬಿಯರ್ ಕುಡಿಸಿ, ಭೇಷ್ ಅನ್ನಿಸಿಕೊಂಡ ಏಕೈಕ ಅಳಿಯ ನಾನು ಎಂದು ಜಿಲ್ಲೆಯಲ್ಲೆಲ್ಲ ಎದೆಯುಬ್ಬಿಸಿ ಹೇಳಬಹುದಿತ್ತು. ಅದು ಬಿಯರ್ ಆಗಿದ್ದಿದ್ದರೆ!