ಇಣುಕಪ್ಪನ ಕಾವಲುಗಾರ

ಬಸ್ ನಿಲ್ದಾಣದ ಟಿಕೆಟ್ ಕಂಪ್ಯೂಟರಿಗೆ ಹೊಸದೊಂದು ಚಾಳಿ ಹತ್ತಿತ್ತು. ನಾಲ್ಕು ಟಿಕೆಟ್ ಕೊಟ್ಟು ಐದನೆಯದಕ್ಕೆ ಗರಬಡಿದಂತೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಅಷ್ಟರಲ್ಲಿ ಕ್ಯೂ ಬಾಗಿಲು ದಾಟಿ ರಸ್ತೆಗೆ ಬಂದಿರುತ್ತಿತ್ತು.

ಇದನ್ನು ಸರಿಮಾಡಬೇಕಾದವನು ಇಣುಕಪ್ಪ. ಕಂಪ್ಯೂಟರಿನ ಕರ್ನಲ್ಲಿನೊಳಗೆ ಇಣುಕಿ ನೋಡುವುದೇ ಅವನ ಕೆಲಸವಾದ್ದರಿಂದ ಕಚೇರಿಯವರು ಇಟ್ಟ ಹೆಸರು ಅದು. ಕರ್ನಲ್ ಎಂದರೆ ಯಂತ್ರದ ಒಳಮನೆ. ಹೊರಗಿನ ಪ್ರೋಗ್ರಾಮು ಸತ್ತರೆ ಅದೊಂದೇ ಸಾಯುತ್ತದೆ. ಒಳಮನೆಯಲ್ಲಿ ಕೈ ತಪ್ಪಿದರೆ ಇಡೀ ಯಂತ್ರವೇ ಮಲಗುತ್ತದೆ.

ಅವತ್ತು ಅವನು ಹೇಗಾದರೂ ರಜೆಯ ಮೇಲೆ ಹೊರಡಲೇಬೇಕಿತ್ತು. ಹೆಂಡತಿಯ ತಂಗಿಯ ಮಗು ಆಗಲೇ ಬೋರಲು ಬೀಳುತ್ತಿತ್ತಂತೆ, ಇವರಿನ್ನೂ ಅದರ ಮುಖ ನೋಡಿರಲಿಲ್ಲ.

"ಇವತ್ತೂ ಕೈಕೊಟ್ರೆ ನಾನೊಬ್ಬಳೇ ಹೋಗ್ತೀನಿ. ವಾಪಸ್ ಯಾವಾಗ ಅಂತ ಮಾತ್ರ ಕೇಳ್ಬೇಡಿ," ಎಂದಿದ್ದ ಹೆಂಡತಿ ಬ್ಯಾಗುಗಳ ಸಮೇತ ಬಂದು ನಿಲ್ದಾಣದ ಬೆಂಚಿನ ಮೇಲೆ ಕೂತೇಬಿಟ್ಟಿದ್ದಳು. ಕಂಪ್ಯೂಟರ್ ಸರಿಹೋಗದೆ ಮ್ಯಾನೇಜರು ರಜೆ ಕೊಡುವಂತಿರಲಿಲ್ಲ.

ಒಳಮನೆಯ ಒಂದೊಂದು ಕೆಲಸಕ್ಕೂ ಒಂದೊಂದು ಫಂಕ್ಷನ್. ಅನುಮಾನವಿರುವ ಫಂಕ್ಷನ್ನಿನ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು, ಅಂದರೆ ಪುಟ್ಟದೊಂದು ಪ್ರೋಗ್ರಾಮನ್ನು, ನಿಲ್ಲಿಸುವುದು ಇಣುಕಪ್ಪನ ಉಪಾಯ. ಯಾರು ಬಂದರು, ಯಾರು ಹೋದರು ಎಂದು ಅದು ಬರೆದಿಡುತ್ತದೆ.

"ಒಬ್ನೇನಾ? ಕಳ್ಳ ಬೇರೆ ಬಾಗಿಲಲ್ಲಿ ಬಂದ್ರೆ?" ಎಂದಳು ಕಿಟಕಿಯಲ್ಲಿ ಟಿಕೆಟ್ ಕೊಡುವ ಟಿಕೆಟಮ್ಮ.

"ಎಲ್ಲಾ ಬಾಗಿಲಿಗೂ ಹಾಕ್ರೀ. ಅವ್ರಿಗೇನು ಸಂಬಳ ಕೊಡ್ಬೇಕಾ?" ಎಂದು ಮ್ಯಾನೇಜರು ಹೆಗಲ ಮೇಲಿಂದ ಬಗ್ಗಿದರು.

ಹಾಕಬಾರದೆಂದು ಇಣುಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬೆಂಚಿನ ಕಡೆ ನೋಡಿದ, ಹಾಕಿಯೇಬಿಟ್ಟ. ಕಾವಲುಗಾರ ಬರೆಯತೊಡಗಿದ. ಬರೆಯುವುದೂ ಒಂದು ಫಂಕ್ಷನ್ನೇ, ಅದರ ಬಾಗಿಲಲ್ಲೂ ಕಾವಲುಗಾರ! ಇವನು ಬರೆದನೆಂದು ಅವನು ಬರೆದ, ಅವನು ಬರೆದನೆಂದು ಮತ್ತೊಮ್ಮೆ ಬರೆದ, ಅದಕ್ಕೆ ಕೊನೆಯೇ ಇಲ್ಲ. ಪರದೆ ಕಪ್ಪಾಯಿತು. ಬಸ್ಸುಗಳ ವೇಳೆ ತೋರಿಸುವ ಬೋರ್ಡು ಆರಿತು. ಧ್ವನಿವರ್ಧಕದ ಹೆಣ್ಣುದನಿ "ಪ್ರಯಾಣಿಕರ ಗಮ..." ಎಂದು ಅಲ್ಲೇ ನಿಂತಿತು.

"ಏನ್ರೀ ಮಾಡಿದ್ರಿ!" ಎಂದು ಮ್ಯಾನೇಜರು ಕೂಗಿದರು, ಹಾಕಿ ಎಂದವರು ಬೇರೆ ಯಾರೋ ಎಂಬಂತೆ.

"ನಾನಂತೂ ಏನೂ ಹೇಳ್ಲಿಲ್ಲಪ್ಪ," ಎಂದಳು ಟಿಕೆಟಮ್ಮ.

ಕಂಪ್ಯೂಟರು ಮತ್ತೆ ಎದ್ದು ಕೂರುವಷ್ಟರಲ್ಲಿ ಇಣುಕಪ್ಪನಿಗೆ ಬುದ್ಧಿ ಬಂದಿತ್ತು. ಈ ಸಲ ಒಂದೇ ಬಾಗಿಲು, ಒಬ್ಬನೇ ಕಾವಲುಗಾರ. ಮೇಲೊಂದು ಕಡಿವಾಣ ಬೇರೆ: ಇಣುಕಪ್ಪ ಆಗಾಗ ಒಂದು ಕೀ ಒತ್ತುತ್ತಿರಬೇಕು. ಒತ್ತದೆ ಎದ್ದುಹೋದರೆ ಕಾವಲುಗಾರ ತಾನಾಗಿಯೇ ಜಾಗ ಖಾಲಿ ಮಾಡುತ್ತಾನೆ.

"ಇನ್ನು ಭಯವಿಲ್ಲ ಸಾರ್," ಎಂದು ಬೀಗಿದ.

ಟಿಕೆಟುಗಳು ಸರಸರನೆ ಬರತೊಡಗಿದವು. ಐದಾಯಿತು, ಹತ್ತಾಯಿತು, ಐವತ್ತಾಯಿತು. ಒಮ್ಮೆಯೂ ನಿಲ್ಲಲಿಲ್ಲ. ಹಿಡಿಯಬೇಕಿದ್ದ ಕಳ್ಳನೇ ಮಾಯ! ಇಣುಕಪ್ಪ ದಂಗಾದ. ಕಾವಲುಗಾರನನ್ನು ತೆಗೆದ, ಕಂಪ್ಯೂಟರ್ ನಿಂತಿತು. ಹಾಕಿದ, ಓಡಿತು.

"ಒಳಗೆ ಒಂದೇ ಬೀಗಕ್ಕೆ ಇಬ್ರು, ಅಂದ್ರೆ ಎರಡು ಪ್ರೋಗ್ರಾಮು, ಒಟ್ಟಿಗೆ ಕೈ ಹಾಕಿ ಸಿಕ್ಕಿಕೊಳ್ತಿರ್ಬೇಕು ಸಾರ್. ಕಾವಲುಗಾರ ಒಬ್ಬನನ್ನ ಅರೆಗಳಿಗೆ ತಡೆದು ಬರ್ಕೊಳ್ತಾನಲ್ಲ, ಅಷ್ಟರಲ್ಲಿ ಇನ್ನೊಬ್ಬ ದಾಟಿಬಿಡ್ತಾನೆ. ಅಸಲಿ ತಪ್ಪು ಹುಡುಕಬೇಕಂದ್ರೆ..."

"ಹುಡುಕೋದ್ಯಾಕ್ರೀ? ಓಡ್ತಿದೆಯಲ್ಲ! ರಜೆ ಕೊಟ್ಟಿದೀನಿ, ಹೊರಡಿ!"

ಇಣುಕಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊರಗೆ ಬಸ್ಸು ಗುರುಗುಟ್ಟುತ್ತಿತ್ತು. ಎದ್ದು ಚೀಲ ಹೆಗಲಿಗೇರಿಸಿಕೊಂಡ.

"ನಿಂತೋಯ್ತು!" ಎಂದು ಟಿಕೆಟಮ್ಮ ಕಿರುಚಿದಳು.

ಅವನು ಧಡಕ್ಕನೆ ಕೂತು ಕಾವಲುಗಾರನನ್ನು ವಾಪಸ್ ಕರೆಸಿದ. "ಕಡಿವಾಣ ತೆಗೆದುಬಿಡ್ತೀನಿ ಸಾರ್, ಒಂದೇ ಸಾಲು..."

"ಮುಟ್ಬೇಡಿ! ಆಗಲೇ ಮುಟ್ಟಿದ್ದು ಸಾಕು!" ಎಂದು ಮ್ಯಾನೇಜರು ಅವನ ಕೈ ಹಿಡಿದುಕೊಂಡರು.

"ರಜೆ ಕೊಟ್ಟಿದ್ದೀರಿ, ನಾನು ಹೋಗೋನೇ!" ಜೀವಮಾನದಲ್ಲೇ ಮೊದಲ ಸಲ ದನಿಯೇರಿಸಿ ಇಣುಕಪ್ಪ ಎದ್ದು ನಿಂತ.

ಕ್ಯೂಗೆ ಕ್ಯೂವೇ ಅಬ್ಬರಿಸಿತು. "ಕೂತ್ಕೊಳ್ರೀ!"

ಎಲ್ಲರಿಗಿಂತ ಜೋರಾದ ದನಿ ಕಿಟಕಿಯ ಬುಡದಿಂದಲೇ ಬಂತು. "ಅಯ್ಯೋ ಏಳ್ಬೇಡ್ರೀ, ನನ್ನ ಸರದಿ ಈಗ ಬಂದಿದೆ!"

ಅವನ ಹೆಂಡತಿ! ಬೆಂಚು ಬಿಟ್ಟು ಯಾವಾಗ ಕ್ಯೂ ಸೇರಿದ್ದಳೋ!

ಇಣುಕಪ್ಪ ಚೀಲ ಕೆಳಗಿಟ್ಟ. ಕೂತ. ಕೀ ಒತ್ತಿದ.

"ಎಷ್ಟು ಟಿಕೆಟ್?" ಎಂದಳು ಟಿಕೆಟಮ್ಮ.

ಹೆಂಡತಿ ಗಂಡನನ್ನೊಮ್ಮೆ, ಕೀ ಮೇಲಿದ್ದ ಅವನ ಬೆರಳನ್ನೊಮ್ಮೆ ನೋಡಿದಳು.

"ಒಂದು ಸಾಕು."

ಟಿಕೆಟ್ ತಕ್ಷಣ ಬಂತು.